ಉಳ್ಳಾಗಡ್ಡಿ ಬಿಟ್ಟ ಎಣ್ಣೆಗಾಯಿ: ಹಿಂಗು, ಬಳ್ಳೊಳ್ಳಿ ಎಣ್ಣೆ, ತಪ್ಪಲು

ಆರು ವಾರ ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಬೇಡ ಎಂದು ಆಹಾರತಜ್ಞೆ ಹೇಳಿದಾಗ ನನಗೆ ಮೊದಲು ನೆನಪಾಗಿದ್ದು ಎಣ್ಣೆಗಾಯಿ. ಧಾರವಾಡದ ನಮ್ಮ ಮನೆಯಲ್ಲಿ ವಾರಕ್ಕೆರಡು ಸಲವಾದರೂ ಆಗುವ ಪಲ್ಯ ಅದು. ನನಗಿರುವುದು ಐಬಿಎಸ್, ಕರುಳು ಬೇಗ ಕೆರಳಿ ಹೊಟ್ಟೆ ನೋವು, ಉಬ್ಬರ ತರುವ ತೊಂದರೆ. ಮೂರು ವರ್ಷದಿಂದ ಊಟವಾಗಿ ಎರಡು ತಾಸಿಗೆಲ್ಲ ಹೊಟ್ಟೆ ಉಬ್ಬಿ, ಸೀರೆಯ ನೆರಿಗೆ ಸಡಿಲ ಮಾಡಿಕೊಂಡು ಕೂಡುವ ಪರಿಸ್ಥಿತಿ.

ಮೆಲ್ಬರ್ನ್‌ನ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ, ಸರಿಯಾಗಿ ಅರಗದೆ ಗ್ಯಾಸ್ ಮಾಡುವ ಕೆಲವು ಸಕ್ಕರೆಗಳನ್ನು ಕಡಿಮೆ ಮಾಡುವ ಲೋ ಫಾಡ್‌ಮ್ಯಾಪ್ ಪಥ್ಯವನ್ನು ನನಗೆ ಹೇಳಿದ್ದರು. ಉಳ್ಳಾಗಡ್ಡಿ, ಬಳ್ಳೊಳ್ಳಿ, ಗೋದಿಯಲ್ಲಿ ಫ್ರಕ್ಟಾನ್ ಎಂಬ ಸಕ್ಕರೆಯ ಸರಪಳಿ ಇರುತ್ತದೆ. ಯಾರ ಸಣ್ಣ ಕರುಳಿಗೂ ಅದನ್ನು ಅರಗಿಸಲು ಬರುವುದಿಲ್ಲ. ಅದು ದೊಡ್ಡ ಕರುಳಿಗೆ ಇಳಿದು ಹುದುಗುತ್ತದೆ, ಗ್ಯಾಸ್ ಆಗುತ್ತದೆ. ಉಳಿದವರಿಗೆ ಗೊತ್ತೇ ಆಗದ ಆ ಉಬ್ಬರ ನನ್ನಂಥವರಿಗೆ ನೋವಾಗುತ್ತದೆ.

ಬದಲಿಗೆ ಏನು ಹಾಕುವುದು ಎಂದು ತಿಳಿಯಲು ಒಂದೇ ಎಣ್ಣೆಗಾಯಿಯನ್ನು ಮೂರು ರೀತಿ ಮಾಡಿದೆ, ನಡುವೆ ಮೂರು ಮೂರು ದಿನ ಬಿಟ್ಟು. ಎಂಟು ಎಳೆ ಬದನೆಕಾಯಿ, ಹುರಿದ ಶೇಂಗಾ, ಗುರೆಳ್ಳು, ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲ ಮೂರಕ್ಕೂ ಅಷ್ಟಷ್ಟೇ. ಬೇಸಿಗೆಯಲ್ಲಿ ವರ್ಷಕ್ಕಾಗುವಷ್ಟು ಕುಟ್ಟಿಸಿಟ್ಟ ಮಸಾಲಿ ಖಾರದಲ್ಲೂ ಬಳ್ಳೊಳ್ಳಿ ಇತ್ತು. ಅದನ್ನು ಬದಿಗಿಟ್ಟು ಚಿಕ್ಕ ಡಬ್ಬಿಯಷ್ಟು ಹೊಸದು ಮಾಡಿಕೊಂಡೆ. ಪಥ್ಯ ಮಾಡುವವರು ಬಹಳಷ್ಟು ಸಲ ಎಡವುವುದು ಈ ಪುಡಿಗಳಲ್ಲೇ.

ಮೊದಲು ಹಿಂಗು. ನಮ್ಮ ಓಣಿಯಲ್ಲಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಒಳಗೇ ಬಾರದ ಮನೆಗಳಿವೆ, ಹಾಗಾಗಿ ಪಾಠ ಪಕ್ಕದ ಮನೆಯ ಅಜ್ಜಿಯಿಂದಲೇ ಸಿಕ್ಕಿತು. “ಹಿಂಗು ಎಣ್ಣಿಯೊಳಗ ಅರಳಬೇಕವಾ, ಮ್ಯಾಲಿಂದ ಉದುರಿಸಿದ್ರ ಬರೇ ನಾತ ಬರ್ತದ” ಅಂದರು. ಅವರು ಹೇಳಿದಂತೆಯೇ ಮಾಡಿದೆ. ವಾಸನೆ ಚೆನ್ನಾಗಿ ಬಂತು, ಹೊಟ್ಟೆಯೂ ಸುಮ್ಮನಿತ್ತು. ಆದರೆ ಮಸಾಲೆ ಬದನೆಕಾಯಿಗೆ ಅಂಟಿಕೊಳ್ಳಲಿಲ್ಲ, ನೀರು ಬೇರೆ, ಎಣ್ಣೆ ಬೇರೆ ನಿಂತಿತು. ಉಳ್ಳಾಗಡ್ಡಿ ರುಚಿಯ ಜೊತೆಗೆ ಮಸಾಲೆಗೆ ಮೈಯನ್ನೂ ಕೊಡುತ್ತಿತ್ತು ಎಂದು ಅವತ್ತು ತಿಳಿಯಿತು. ಇನ್ನೊಂದು ಮಾತು: ಅಂಗಡಿಯ ಪುಡಿ ಹಿಂಗಿಗೆ ಸಾಮಾನ್ಯವಾಗಿ ಗೋದಿ ಹಿಟ್ಟನ್ನೋ ಅಕ್ಕಿ ಹಿಟ್ಟನ್ನೋ ಸೇರಿಸಿರುತ್ತಾರೆ. ನನ್ನ ಚಿಟಿಕೆಗೆ ಅದು ಲೆಕ್ಕಕ್ಕಿಲ್ಲ. ಸೀಲಿಯಾಕ್, ಅಂದರೆ ಗೋದಿಯಲ್ಲಿರುವ ಗ್ಲುಟೆನ್ ಕರುಳನ್ನು ಕೆಡಿಸುವ ರೋಗ, ಇದ್ದವರು ಮಾತ್ರ ಡಬ್ಬಿಯ ಮೇಲೆ ಬರೆದದ್ದನ್ನು ಓದಿಯೇ ಕೊಳ್ಳಬೇಕು.

ಎರಡನೆಯದು ಬಳ್ಳೊಳ್ಳಿ ಎಣ್ಣೆ. ಫ್ರಕ್ಟಾನ್ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಇದನ್ನು ಅರ್ಧ ಮಾತ್ರ ತಿಳಿದುಕೊಂಡು ಮೊದಲ ವಾರ ಸಾರಿನಲ್ಲಿ ಇಡೀ ಎಸಳು ಕುದಿಸಿ, ಆಮೇಲೆ ತೆಗೆದುಹಾಕಿ ಉಂಡಿದ್ದೆ. ಕರಗಬೇಕಾದದ್ದು ಅಷ್ಟರೊಳಗೆ ಸಾರಿಗೆ ಇಳಿದಾಗಿತ್ತು, ರಾತ್ರಿಯಿಡೀ ನಿದ್ದೆ ಇಲ್ಲ. ಸರಿಯಾದ ಕ್ರಮ ಹೀಗೆ: ಎಸಳನ್ನು ಒಣಬಟ್ಟೆಯಿಂದ ಒರೆಸಿ, ಜಜ್ಜದೆ ಎರಡು ಸೀಳಿ, ಶೇಂಗಾ ಎಣ್ಣೆಯಲ್ಲಿ ಸಣ್ಣ ಉರಿಗೆ ಬಿಡಬೇಕು. ಸುತ್ತ ಸಣ್ಣ ಗುಳ್ಳೆ ಎದ್ದು, ಅಂಚು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಒಂದು ಚೂರೂ ಉಳಿಯದಂತೆ ಸೋಸಬೇಕು. ಆಮೇಲೆಯೇ ಆ ಎಣ್ಣೆಗೆ ಮಸಾಲೆ, ನೀರು. ಮೂರರಲ್ಲಿ ನಿಜವಾದ ಎಣ್ಣೆಗಾಯಿಗೆ ಹತ್ತಿರ ಬಂದದ್ದು ಇದೇ. ಅತ್ತೆ ಒಂದು ತುತ್ತು ಬಾಯಿಗಿಟ್ಟು “ಏನೋ ಕಡಿಮಿ ಐತಿ, ಆದ್ರ ಏನಂತ ಹೇಳಾಕ ಬರವಲ್ದು” ಅಂದರು. ನನಗೆ ಅದೇ ದೊಡ್ಡ ಗೆಲುವು. ಈ ಎಣ್ಣೆಯನ್ನು ಬಾಟಲಿ ತುಂಬಿ ಕಟ್ಟೆಯ ಮೇಲೆ ಇಡಬೇಡಿ. ಬಳ್ಳೊಳ್ಳಿ ಎಣ್ಣೆ ಹೊರಗಿದ್ದರೆ ಬಾಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆ ನೋಡಿದರೆ ಗೊತ್ತಾಗುವುದಿಲ್ಲ. ನಾನು ಆ ಹೊತ್ತಿಗೆ ಬೇಕಾದಷ್ಟನ್ನೇ ಮಾಡುತ್ತೇನೆ.

ಮೂರನೆಯದು ಉಳ್ಳಾಗಡ್ಡಿ ತಪ್ಪಲು. ಸೂಪರ್ ಮಾರ್ಕೆಟ್‌ನಿಂದ ತಂದ ಸೂಡಿನಲ್ಲಿ ಬಿಳಿ ಗಡ್ಡೆಯ ಭಾಗ ಪೂರ್ತಿ ಕತ್ತರಿಸಿ ಮನೆಯವರಿಗೆ, ಹಸಿರೆಲೆ ಮಾತ್ರ ನನಗೆ. ಫ್ರಕ್ಟಾನ್ ಹೆಚ್ಚಿರುವುದು ಬಿಳಿ ಭಾಗದಲ್ಲಿ. ಎಣ್ಣೆಗಾಯಿಗೆ ಇದೊಂದೇ ಸಾಲದು, ಹೆಚ್ಚು ಹೊತ್ತು ಹುರಿದರೆ ಹುಲ್ಲಿನ ವಾಸನೆ ಬರುತ್ತದೆ. ಇಳಿಸುವ ಮುಂಚೆ ಒಂದು ಮುಷ್ಟಿ ಹಾಕಿದರೆ ಒಳ್ಳೆಯದು. ರೊಟ್ಟಿಯ ಮಗ್ಗುಲಿಗೆ ಹಸಿಯಾಗಿ ಕಡಿದುಕೊಳ್ಳಲಂತೂ ಇದಕ್ಕೆ ಸಾಟಿಯಿಲ್ಲ.

ಈಗ ನಮ್ಮನೆಯಲ್ಲಿ ನೆಲೆ ನಿಂತದ್ದು ಬಳ್ಳೊಳ್ಳಿ ಎಣ್ಣೆಯ ಒಗ್ಗರಣೆ, ಕೊನೆಗೆ ತಪ್ಪಲು, ಮೈ ಬರಲು ಒಂದು ಮುಷ್ಟಿ ಹೆಚ್ಚಿಗೆ ಶೇಂಗಾ. ಹಿಂಗು ಸಾರಿಗೆ ಮತ್ತು ಹೆಸರುಬೇಳೆಗೆ ಹೋಯಿತು.

ಖಾರದಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಗುಂಟೂರು ಮೆಣಸಿನಕಾಯಿ ಹಾಕಿದ ದಿನ ಉರಿ, ಬ್ಯಾಡಗಿ ಹಾಕಿದ ದಿನ ಇಲ್ಲ. ಹಾವೇರಿ ಜಿಲ್ಲೆಯ ಬ್ಯಾಡಗಿ ಕಾಯಿ ಬಣ್ಣ ಕೊಡುತ್ತದೆ, ಖಾರ ಕಡಿಮೆ. ತಾಟಿನಲ್ಲಿ ಪಲ್ಯ ಕೆಂಪಗೆ ಕಾಣುವುದು ಕೂಡ ಪಥ್ಯದವರಿಗೆ ಒಂದು ಸಮಾಧಾನ. ರೊಟ್ಟಿ, ಚಪಾತಿಗಳಲ್ಲಿ ಗೆದ್ದದ್ದು ಜೋಳವೇ, ಚಪಾತಿ ತಿಂದ ದಿನಗಳಲ್ಲಿ ಹೊಟ್ಟೆ ಉಬ್ಬುತ್ತಿತ್ತು. ಆದರೆ ಗೋದಿ ಬಿಡುವ ಮೊದಲೇ ಸೀಲಿಯಾಕ್‌ನ ರಕ್ತಪರೀಕ್ಷೆ ಮಾಡಿಸಿ. ಬಿಟ್ಟ ಮೇಲೆ ಮಾಡಿಸಿದರೆ ರೋಗವಿದ್ದರೂ ಸಿಗದೆ ಹೋಗಬಹುದು.

ನನಗೆ ಬಹಳ ಸಂಕಟವಾದದ್ದು ಕಟ್ಟಿನ ಸಾರಿನದು. ಬೇಳೆಯಲ್ಲಿ ಗ್ಯಾಸ್ ಮಾಡುವ ಸಕ್ಕರೆಗಳೂ ನೀರಿಗೆ ಇಳಿಯುತ್ತವೆ. ಅದಕ್ಕೇ ಬೇಳೆ ನೆನೆಸಿದ, ಬೇಯಿಸಿದ ನೀರು ಚೆಲ್ಲಿ ಎನ್ನುತ್ತಾರೆ. ಹೋಳಿಗೆಯ ದಿನ ನಾವು ಮಾಡುವುದು ಇದರ ತಿರುವು: ಕಡಲೆಬೇಳೆ ಬಸಿದ ಆ ಕಟ್ಟನ್ನೇ ಸಾರು ಮಾಡುತ್ತೇವೆ. ತೆಳು ಸಾರು ಹಗುರ ಎಂದು ಯುಗಾದಿಗೆ ಎರಡು ಬಟ್ಟಲು ಕುಡಿದು, ಹೋಳಿಗೆಯನ್ನು ಅರ್ಧಕ್ಕೆ ಬಿಟ್ಟಿದ್ದೆ. ಆ ಸಂಜೆಯ ನೋವಿಗೆ ಈಗ ಕಾರಣ ಸಿಕ್ಕಿದೆ. ಸದ್ಯಕ್ಕೆ ಹುಣಸೆಹಣ್ಣು, ಕೊಬ್ಬರಿ, ಅದೇ ಮಸಾಲೆಯಲ್ಲಿ ಬೇಳೆಯಿಲ್ಲದ ಸಾರು ಮಾಡಿಕೊಳ್ಳುತ್ತೇನೆ. ಅದು ಕಟ್ಟಿನ ಸಾರಲ್ಲ.

ಬಿಟ್ಟದ್ದನ್ನೆಲ್ಲ ಕಾಯಂ ಬಿಡುವ ಪಥ್ಯ ಇದಲ್ಲ. ಎರಡರಿಂದ ಆರು ವಾರದ ನಂತರ ಒಂದೊಂದನ್ನೇ ಸ್ವಲ್ಪ ಸ್ವಲ್ಪ ತಿಂದು ನೋಡಬೇಕು. ನಾನು ಅರ್ಧ ಎಸಳು ಬಳ್ಳೊಳ್ಳಿ ತಡೆದುಕೊಂಡೆ. ಉಳ್ಳಾಗಡ್ಡಿ ಎರಡು ಚಮಚಕ್ಕೇ ಸೋತೆ. ಮಜ್ಜಿಗೆ ಒಂದು ವಾಟಗಾ ನಡೆಯುತ್ತದೆ. ಬರುವ ಸೋಮವಾರದಿಂದ ತೊಗರಿಬೇಳೆ, ಮೊದಲ ದಿನ ಎರಡು ಚಮಚ.