ವಿಎಂ ಪಟ್ಟಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅಲ್ಲೇ ನಿಲ್ಲಿ

ವಿಎಂ ಅಂದರೆ ವರ್ಚುವಲ್ ಮಷೀನ್, ಒಂದೇ ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ನಡೆಯುವ ಬೇರೆ ಬೇರೆ ಕಂಪ್ಯೂಟರ್. ಅವನ್ನು ನೋಡಿಕೊಳ್ಳುವ ವಿಎಂವೇರ್ ಸಾಫ್ಟ್‌ವೇರ್ ವಿಸೆಂಟರ್. ಅದರಿಂದ ವಿಎಂಗಳ ಪಟ್ಟಿ ತೆಗೆಯುವವರು ದಯವಿಟ್ಟು ಓದಿ. ಪ್ರತಿ ವಿಎಂಗೂ ಇರುವ ನೋಟ್ಸ್ ಜಾಗದಲ್ಲಿ ಕನ್ನಡ ಬರೆದಿಡುವವರಂತೂ ಓದಲೇಬೇಕು.

ನಾನು ಹುಬ್ಬಳ್ಳಿಯಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ, ಕೋಲ್ಡ್ ಸ್ಟೋರೇಜ್ ಎರಡೂ ಇರುವ ಒಂದು ಕಡೆ ಹಳೆಯ ಸರ್ವರ್ ಬದಲಿಸಬೇಕಿತ್ತು. ಒಟ್ಟು 34 ವಿಎಂ. ಪವರ್‌ಸಿಎಲ್‌ಐನಲ್ಲಿ (ವಿಂಡೋಸ್‌ನ ಕಮಾಂಡ್ ಸಾಧನ ಪವರ್‌ಶೆಲ್‌ಗೆ ಸೇರಿಸುವ ವಿಎಂವೇರ್ ಕಮಾಂಡ್‌ಗಳು) ಒಂದು ಸಾಲಿನ ಕಮಾಂಡ್ ಕೊಟ್ಟು ಹೆಸರು, ಆನ್ ಇದೆಯೋ ಆಫ್ ಇದೆಯೋ, ಡಿಸ್ಕ್, ಐಪಿ, ನೋಟ್ಸ್ ಎಲ್ಲ ಸಿಎಸ್‌ವಿ ಎಂಬ ಸಾದಾ ಪಟ್ಟಿ ಫೈಲ್‌ಗೆ ಇಳಿಸಿದೆ. ಎಕ್ಸೆಲ್‌ನಲ್ಲಿ ಬೇಕು, ಬೇಡ ಅಂತ ಗುರುತು ಹಾಕುತ್ತಾ ಹೋದೆ.

ಒಂದು ವಿಎಂ ಆಫ್ ಇತ್ತು. ಐಪಿ ಖಾಲಿ. ನೋಟ್ಸ್ ತುಂಬ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಯಾರೋ ಸುಮ್ನೆ ಏನೋ ಒತ್ತಿರಬೇಕು ಅಂದುಕೊಂಡೆ. ‘ಬೇಡ’ ಎಂದು ಬರೆದೆ. ಶನಿವಾರ ಸಂಜೆ, ಫೈಲ್‌ಗಳನ್ನೂ ಅಳಿಸಿಬಿಡುವ ‘ಡಿಲೀಟ್ ಫ್ರಮ್ ಡಿಸ್ಕ್’ ಒತ್ತಿದೆ.

ಸೋಮವಾರ ಅಲ್ಲಿನ ಲೆಕ್ಕ ಬರೆಯುವವರು ಫೋನ್ ಮಾಡಿದರು. “ಸರ್, ಹಳೇ ಲೆಕ್ಕದ ಮಷೀನ್ ಎಲ್ಲಿ ಹೋತ್ರಿ? ಮಾರ್ಚ್‌ಗೆ ಮಾತ್ರ ಬೇಕು, ಅಳಿಸಬ್ಯಾಡ್ರಿ ಅಂತ ಅದರಾಗ ಬರೆಸಿದ್ದೆನಲ್ರಿ!” ನನಗೆ ಮಾತೇ ಬರಲಿಲ್ಲ. ಆ ಪ್ರಶ್ನಾರ್ಥಕ ಚಿಹ್ನೆಗಳೇ ಅವರ ಮಾತು.

ಆಗಿದ್ದಿಷ್ಟು. ವಿಂಡೋಸ್ ಜೊತೆ ಬರುವ ಪವರ್‌ಶೆಲ್ 5.1ರಲ್ಲಿ ಪಟ್ಟಿ ಇಳಿಸುವ ‘ಎಕ್ಸ್‌ಪೋರ್ಟ್-ಸಿಎಸ್‌ವಿ’ ಕಮಾಂಡ್, ನಾವು ಬೇರೆ ಹೇಳದಿದ್ದರೆ ಆಸ್ಕಿ ಎಂಬ ಹಳೆಯ ಅಕ್ಷರ ಸಂಕೇತದಲ್ಲಿ ಬರೆಯುತ್ತದೆ. ಆಸ್ಕಿಯಲ್ಲಿ ಇರುವುದು 128 ಚಿಹ್ನೆ, ಕನ್ನಡಕ್ಕೆ ಅಲ್ಲಿ ಜಾಗ ಇಲ್ಲ, ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಎರರ್ ಕೂಡ ಬರುವುದಿಲ್ಲ. ಐಪಿ ಖಾಲಿ ಇದ್ದುದಕ್ಕೂ ಅರ್ಥವಿಲ್ಲ: ಅದನ್ನು ಹೇಳುವುದು ವಿಎಂ ಒಳಗಿನ ವಿಎಂವೇರ್ ಟೂಲ್ಸ್ ಎಂಬ ಪ್ರೋಗ್ರಾಂ, ವಿಎಂ ಆಫ್ ಇದ್ದರೆ ಹೇಳುವವರು ಯಾರು?

ಆಫ್ ಇದ್ದ ವಿಎಂ ರಾತ್ರಿಯ ಬ್ಯಾಕಪ್‌ನಲ್ಲೂ ಇರಲಿಲ್ಲ. ಒಂದು ಯುಎಸ್‌ಬಿ ಡಿಸ್ಕ್‌ನಲ್ಲಿ ಎಂಟು ತಿಂಗಳ ಹಿಂದಿನ ಪ್ರತಿ ಸಿಕ್ಕಿತು. ಉಳಿದದ್ದನ್ನು ಇಬ್ಬರು ಒಂಬತ್ತು ದಿನ ಕೂತು ಬಿಲ್ ನೋಡಿ ಟೈಪ್ ಮಾಡಿದರು. ಅದೂ ಸೀಸನ್‌ನಲ್ಲಿ, ಮಾರುಕಟ್ಟೆ ತುಂಬ ಚೀಲ ಬಂದು ಬೀಳುವ ದಿನಗಳಲ್ಲಿ. ಅವರು ನನ್ನನ್ನು ಬೈಯಲಿಲ್ಲ. ಅದೇ ಇನ್ನೂ ಚುಚ್ಚುತ್ತದೆ.

ಕಮಾಂಡ್ ಕೊನೆಗೆ ಎನ್‌ಕೋಡಿಂಗ್ ಯುಟಿಎಫ್8 (ಕನ್ನಡಕ್ಕೂ ಜಾಗ ಇರುವ ಅಕ್ಷರ ಸಂಕೇತ) ಎಂದು ಸೇರಿಸಿ. ಪವರ್‌ಶೆಲ್ 7 ತಾನಾಗಿ ಯುಟಿಎಫ್8ನಲ್ಲೇ ಬರೆಯುತ್ತದೆ, ಆದರೆ ಎಕ್ಸೆಲ್‌ನಲ್ಲಿ ನೇರವಾಗಿ ತೆರೆಯುವುದಾದರೆ ಯುಟಿಎಫ್8ಬಿಒಎಂ (ಫೈಲ್ ಮೊದಲಲ್ಲೇ ಯುಟಿಎಫ್8 ಎಂಬ ಗುರುತು ಹಾಕುವ ಆಯ್ಕೆ) ಕೊಡಿ, ಇಲ್ಲದಿದ್ದರೆ ಅಲ್ಲೂ ಅಕ್ಷರ ಕೆಡಬಹುದು. ‘ಗೆಟ್-ವಿಎಂ’ ಕೊಡುವ ಪಟ್ಟಿಯಲ್ಲಿ ಟೆಂಪ್ಲೇಟ್‌ಗಳು (ಹೊಸ ವಿಎಂ ಮಾಡಲು ಇಟ್ಟ ಅಚ್ಚುಗಳು) ಬರುವುದಿಲ್ಲ, ಅವನ್ನು ‘ಗೆಟ್-ಟೆಂಪ್ಲೇಟ್’ನಿಂದ ಬೇರೆಯಾಗಿ ತೆಗೆಯಿರಿ.

ಬೇಡ ಅನ್ನಿಸಿದ ವಿಎಂಗೆ ‘ರಿಮೂವ್ ಫ್ರಮ್ ಇನ್ವೆಂಟರಿ’ ಮಾತ್ರ ಒತ್ತಿ. ಪಟ್ಟಿಯಿಂದ ಹೋಗುತ್ತದೆ, ಫೈಲ್‌ಗಳು ಡೇಟಾಸ್ಟೋರ್‌ನಲ್ಲೇ (ವಿಎಂ ಫೈಲ್‌ಗಳನ್ನು ಇಡುವ ಜಾಗ) ಉಳಿಯುತ್ತವೆ, ಮತ್ತೆ ರಿಜಿಸ್ಟರ್ ಮಾಡಿ ಪಟ್ಟಿಗೆ ತರಬಹುದು. ಒಂದು ಮಾರ್ಚ್ ಕಳೆಯುವವರೆಗೂ ಹಾಗೇ ಇರಲಿ. ಅಳಿಸುವ ದಿನ ಬಂದಾಗ ಪಟ್ಟಿಯನ್ನು ಪ್ರಿಂಟ್ ತೆಗೆದು ಲೆಕ್ಕ ಬರೆಯುವವರ ಮುಂದಿಟ್ಟು, ಒಂದೊಂದೇ ಹೆಸರು ಓದಿ ಕೇಳಿ.