ಚಂದ್ರಕಾಳಿಯ ಕಪ್ಪು ಕಪ್ಪಾಗಿಯೇ ಬರುವ ಫೋನು

ಧಾರವಾಡದ ನಮ್ಮ ಮನೆಯ ಮುಂದಿನ ಖೋಲಿಯೇ ನನ್ನ ಅಂಗಡಿ. ಇಳಕಲ್ಲಿನಿಂದ ಸೀರೆ ತರಿಸುತ್ತೇನೆ, ಕೆಲವಕ್ಕೆ ಇಲ್ಲಿಯ ಹೆಣ್ಣುಮಕ್ಕಳಿಂದ ಕಸೂತಿ ಹಾಕಿಸುತ್ತೇನೆ, ಫೋಟೋ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಮಾರುತ್ತೇನೆ. ಬೋರ್ಡಿಲ್ಲ, ಗಾಜಿನ ಕಪಾಟಿಲ್ಲ. ಪುಣೆಯಲ್ಲೋ ಬೆಂಗಳೂರಿನಲ್ಲೋ ಕೂತ ಗಿರಾಕಿ ಸೀರೆ ಮುಟ್ಟಿ ನೋಡುವ ಹಾಗಿಲ್ಲ, ನನ್ನ ಫೋಟೋ ನಂಬಿ ದುಡ್ಡು ಹಾಕಬೇಕು. ಹಾಗಾಗಿ ಫೋನ್ ಕೊಳ್ಳುವ ಮಾತು ನನ್ನ ಮಟ್ಟಿಗೆ ತಕ್ಕಡಿ ಕೊಳ್ಳುವ ಮಾತಿದ್ದಂತೆ. ತೂಕ ತಪ್ಪಿದರೆ ವ್ಯಾಪಾರವೇ ತಪ್ಪಿತು.

2024ರ ಬೇಸಿಗೆಯಲ್ಲಿ ಅದು ತಪ್ಪಿತು. ಆಗಿನ ನನ್ನ ಹಳೆಯ ಫೋನು ಕೆಂಪು ಬಣ್ಣವನ್ನೆಲ್ಲ ಒಂದೇ ಮಾಡಿ ತೋರಿಸುತ್ತಿತ್ತು. ಪುಣೆಯ ಒಬ್ಬರು ಮಗಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಕುಂಕುಮಗೆಂಪು ನೋಡಿ ಆರಿಸಿದರು, ಪಾಕೀಟು ಒಡೆದಾಗ ಕೈಗೆ ಬಂದದ್ದು ದಾಳಿಂಬೆ ಬಣ್ಣ. ‘ಫೋಟೋದಾಗ ಕುಂಕುಮದ ಹಂಗ ಇತ್ರಿ, ಇದು ಹಣ್ಣಾದ ದಾಳಿಂಬಿ’ ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಜಾರಿತ್ತು. ಬದಲಿ ಸೀರೆ ಮುಟ್ಟುವಷ್ಟರಲ್ಲಿ ಕುಬಸದ ದಿನ ದಾಟಿ ಹೋಗಿತ್ತು. ಅವತ್ತೇ ಹೊಸ ಫೋನು ಅಂತ ಠರಾಯಿಸಿದೆ.

ಬೆಂಗಳೂರಿನಲ್ಲಿರುವ ನನ್ನ ಅಣ್ಣನ ಮಗ ಆಗ ರಜೆಗೆ ಬಂದಿದ್ದ. ಅವನ ಕೈಯಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಅಲ್ಟ್ರಾ. ‘ಅತ್ತಿ, ತಗೊಳ್ಳೋದಾದ್ರ ಇದನ್ನ ತಗೊ. ನಿನ್ನ ಕೆಲಸಾನ ಫೋಟೋದ್ದು, 200 ಮೆಗಾಪಿಕ್ಸೆಲ್ ಐತಿ’ ಅಂದ. ಅದರ ಬೆಲೆ ಆಗ 1,29,999 ರೂಪಾಯಿ. ಅದೇ ಕಂಪನಿಯ ಗ್ಯಾಲಕ್ಸಿ ಎ55 ಆ ವರ್ಷದ ಮಾರ್ಚಿನಲ್ಲಿ ಬಂದಿತ್ತು. 8 ಜಿಬಿ ರ್‍ಯಾಮ್, 256 ಜಿಬಿ ಜಾಗ ಇರುವುದಕ್ಕೆ 42,999. ಎರಡರ ನಡುವೆ 87,000 ರೂಪಾಯಿಯ ಅಂತರ. ಪಂಚಮಿ ಹಬ್ಬಕ್ಕೆ ನಾನು ತುಂಬಿಸುವ ಮಾಲಿಗೆ ಬೇಕಾಗುವ ಬಂಡವಾಳ ಹೆಚ್ಚುಕಡಿಮೆ ಅಷ್ಟೇ.

ಅವನು ನಾಲ್ಕು ದಿನ ಫೋನನ್ನು ನನ್ನ ಕೈಗೇ ಕೊಟ್ಟಿದ್ದ. ಬೆಳಗಿನ ಹತ್ತರ ಬಿಸಿಲು ನಮ್ಮ ಖೋಲಿಯ ಉತ್ತರದ ಕಿಟಕಿಗೆ ನೇರ ಬೀಳುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ಅಲ್ಲಿ ಚಾಪೆ ಹಾಸಿ ಸೀರೆ ಹರವಿ ಮನಸ್ಸಿಗೆ ಬಂದಷ್ಟು ಫೋಟೋ ತೆಗೆದೆ. ಐದನೇ ದಿನ ಎರಡು ಸೀರೆ ಚೀಲದಲ್ಲಿ ಹಾಕಿಕೊಂಡು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ಒಂದು ಆ ದಾಳಿಂಬೆ ಬಣ್ಣದ್ದು. ಇನ್ನೊಂದು ನಮ್ಮವ್ವನ ಚಂದ್ರಕಾಳಿ, ಅವಳ ಕುಬಸದಲ್ಲಿ ಉಟ್ಟದ್ದು. ಕಪ್ಪು ಒಡಲು, ಕೆಂಪು ಸೆರಗು, ಸೆರಗಿನ ಹತ್ತಿರ ತುಳಸಿಕಟ್ಟೆ ಮತ್ತು ಆನೆ ಅಂಬಾರಿಯ ಕಸೂತಿ. ಕೊಪ್ಪೀಕರ ರಸ್ತೆಯ ಒಂದು ಅಂಗಡಿಯಲ್ಲಿ, ಬಾಗಿಲ ಬಳಿಯ ಹಗಲು ಬೆಳಕಿನಲ್ಲಿ, ಅದೇ ಎರಡು ಸೀರೆಯನ್ನು ಎ55ರಲ್ಲೂ ತೆಗೆದು ನೋಡಿದೆ.

ಕಪ್ಪು ಸೀರೆಯ ಫೋಟೋ ತೆಗೆದವರಿಗೆ ಗೊತ್ತಿರುತ್ತದೆ, ಅದು ಯಾವಾಗಲೂ ಬೂದಿ ಹಿಡಿದಂತೆ ಬರುತ್ತದೆ. ಕ್ಯಾಮೆರಾ ತನ್ನ ಮುಂದಿರುವುದನ್ನೆಲ್ಲ ನಡು ಬೆಳಕಿಗೆ ತಂದು ನಿಲ್ಲಿಸಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪೇ ಇದ್ದರೆ ಕತ್ತಲಾಯಿತೆಂದು ತಿಳಿದು ಬೆಳಕು ಏರಿಸುತ್ತದೆ. ಆಗ ಹೊಚ್ಚ ಹೊಸ ಚಂದ್ರಕಾಳಿ ಹತ್ತು ಸಲ ಒಗೆದ ಸೀರೆಯ ಹಾಗೆ ಕಾಣುತ್ತದೆ. ಇದು ಒಂದೂಕಾಲು ಲಕ್ಷದ ಫೋನಿನಲ್ಲೂ ಆಯಿತು, ನಲವತ್ತು ಸಾವಿರದ್ದರಲ್ಲೂ ಆಯಿತು. ಎರಡರಲ್ಲೂ ಮದ್ದು ಒಂದೇ. ಪರದೆಯ ಮೇಲೆ ಸೀರೆಯನ್ನು ಬೆರಳಿನಿಂದ ಮುಟ್ಟಿದರೆ ಬೆಳಕಿನ ಪಟ್ಟಿಯೊಂದು ಬರುತ್ತದೆ, ಅದನ್ನು ಕಪ್ಪು ಕಪ್ಪಾಗುವವರೆಗೆ ಇಳಿಸಬೇಕು. ಹಾಗೆ ಇಳಿಸಿ ತೆಗೆದ ಎರಡು ಫೋಟೋ ಪಕ್ಕಪಕ್ಕ ಇಟ್ಟು ನೋಡಿದೆ. ಕಸೂತಿಯ ಒಂದೊಂದು ಹೊಲಿಗೆ ಎರಡರಲ್ಲೂ ಎಣಿಸಲು ಬಂತು. ಕಪ್ಪು ಎರಡರಲ್ಲೂ ಕಪ್ಪೇ.

ಕೆಂಪಿನ ಕಥೆ ಬೇರೆ. ಬೆಳಕು ಸ್ವಲ್ಪ ಜಾಸ್ತಿಯಾದರೂ ಕೆಂಪು ತುಂಬಿ ಹೊರಚೆಲ್ಲುತ್ತದೆ, ನೂಲಿನ ಏರಿಳಿತ ಅಳಿಸಿಹೋಗಿ ಸೀರೆ ಪ್ಲಾಸ್ಟಿಕ್ ಹಾಳೆಯಂತಾಗುತ್ತದೆ. ಹಳದಿ ಬಲ್ಬಿನ ಕೆಳಗೆ ತೆಗೆದರಂತೂ ಕಿತ್ತಳೆಯ ಕಡೆ ವಾಲುತ್ತದೆ. ಅಲ್ಲಿಂದ ಮುಂದೆ ಬಲ್ಬು ಆರಿಸಿ, ಕಿಟಕಿಯ ಬೆಳಕಿನಲ್ಲಷ್ಟೇ ತೆಗೆಯತೊಡಗಿದೆ. ಕ್ಯಾಮೆರಾ ಸೆಟ್ಟಿಂಗಿನಲ್ಲಿ ಸೀನ್ ಆಪ್ಟಿಮೈಸರ್ ಅಂತ ಒಂದಿದೆ, ಎದುರಿಗಿರುವುದು ಏನೆಂದು ನೋಡಿ ತಾನೇ ಬಣ್ಣ ತಿದ್ದುವುದು. ಊಟದ ಫೋಟೋಕ್ಕೆ ಚೆಂದ, ಸೀರೆಗೆ ಬೇಡ. ಬಂದ್ ಮಾಡಿದೆ. ಇನ್ನೊಂದು ಮುಖ್ಯದ್ದು, ಡಿಸ್‌ಪ್ಲೇ ಸೆಟ್ಟಿಂಗಿನ ಸ್ಕ್ರೀನ್ ಮೋಡ್. ಫೋನು ಬರುವಾಗ ವಿವಿಡ್‌ನಲ್ಲಿರುತ್ತದೆ, ಬಣ್ಣ ಎದ್ದು ಹೊಡೆಯುತ್ತದೆ. ನ್ಯಾಚುರಲ್‌ಗೆ ಹಾಕಿದೆ. ಮೊದಲ ದಿನ ಪರದೆ ಸಪ್ಪೆ ಅನ್ನಿಸಿತು. ಸೀರೆಯನ್ನೇ ಪಕ್ಕಕ್ಕೆ ಹಿಡಿದು ನೋಡಿದಾಗ ಸತ್ಯ ತಿಳಿಯಿತು, ಇಷ್ಟು ದಿನ ನಾನು ನೋಡುತ್ತಿದ್ದದ್ದು ಹೆಚ್ಚಾಗಿತ್ತು. ಗಿರಾಕಿಯ ಫೋನಿನ ಪರದೆ ಹೇಗಿದೆಯೋ ನಮಗೆ ತಿಳಿಯುವುದಿಲ್ಲ. ಅದಕ್ಕೆ ಈಗ ಪ್ರತಿ ಫೋಟೋದ ಜತೆ ದನಿಯಲ್ಲೂ ಹೇಳಿ ಕಳಿಸುತ್ತೇನೆ: ‘ಬಿಡಿಸಿದ ದಾಳಿಂಬಿ ಕಾಳಿನ ಬಣ್ಣರಿ, ಕುಂಕುಮ ಅಲ್ಲ.’

ಮೆಗಾಪಿಕ್ಸೆಲ್ಲಿನ ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ನಾನೂ ಆ ಸಂಖ್ಯೆ ನೋಡಿ ಮರುಳಾಗಿದ್ದೆ. ಅಲ್ಟ್ರಾದ 200 ಮೆಗಾಪಿಕ್ಸೆಲ್ ಕ್ಯಾಮೆರಾ ಸುಮ್ಮನೆ ಬಟನ್ ಒತ್ತಿದರೆ 12 ಮೆಗಾಪಿಕ್ಸೆಲ್ ಫೋಟೋ ಕೊಡುತ್ತದೆ, ಹದಿನಾರು ಚುಕ್ಕಿ ಕೂಡಿಸಿ ಒಂದು ಮಾಡಿ. ಎ55ರ 50 ಮೆಗಾಪಿಕ್ಸೆಲ್ಲಿನದೂ ಕೊನೆಗೆ 12 ಮೆಗಾಪಿಕ್ಸೆಲ್ಲೇ, ನಾಲ್ಕು ಕೂಡಿಸಿ ಒಂದು. ಕತ್ತಲಲ್ಲಿ ದೊಡ್ಡ ಸೆನ್ಸರಿನ ಅಲ್ಟ್ರಾ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಕತ್ತಲಲ್ಲಿ ಸೀರೆ ತೋರಿಸುವವಳಲ್ಲ. ಅದೂ ಅಲ್ಲದೆ ವಾಟ್ಸ್‌ಆ್ಯಪ್ ಮಾಮೂಲಿಯಾಗಿ ಕಳಿಸಿದ ಫೋಟೋವನ್ನು ಉದ್ದಕ್ಕೆ ಸುಮಾರು 1600 ಪಿಕ್ಸೆಲ್ಲಿಗೆ ಕುಗ್ಗಿಸಿಬಿಡುತ್ತದೆ, ಅಂದರೆ ಎರಡು ಮೆಗಾಪಿಕ್ಸೆಲ್ಲಿನ ಒಳಗೆ. 2023ರ ಆಗಸ್ಟಿನಿಂದ ಎಚ್‌ಡಿ ಆಯ್ಕೆ ಬಂದಿದೆ, ಫೋಟೋ ಕಳಿಸುವಾಗ ಮೇಲೆ ಎಚ್‌ಡಿ ಅಂತ ಇರುವುದನ್ನು ಒತ್ತಬೇಕು. ನಮ್ಮ ಧಂದೆಯವರು ಎಷ್ಟೋ ಜನ ಅದನ್ನು ಒತ್ತುವುದೇ ಇಲ್ಲ. ನನಗೆ ಫೋಟೋ ಸುಧಾರಿಸಿದ್ದರಲ್ಲಿ ಆ ಒಂದು ಗುಂಡಿಯ ಪಾಲು ದೊಡ್ಡದು.

ಇಳಕಲ್ಲ ಸೀರೆ ಬಲ್ಲವರು ಒಂದು ಜಾಗ ತೋರಿಸಲು ಕೇಳುತ್ತಾರೆ. ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗುವ ನೂಲು, ಸೆರಗಿನ ರೇಶ್ಮೆ ಹಾಸಿಗೆ ಕೊಂಡಿ ಹಾಕಿ ಸೇರುವ ಜಾಗ. ಕಸೂತಿಯಾದರೆ ಹಿಂಬದಿ ತೋರಿಸಿರಿ ಅನ್ನುತ್ತಾರೆ, ಯಾಕೆಂದರೆ ಗವಂತಿ, ಮುರಗಿ ಹೊಲಿಗೆ ಮುಂದೆಯೂ ಹಿಂದೆಯೂ ಒಂದೇ ತರಹ ಇರಬೇಕು, ಗಂಟು ಕಾಣಬಾರದು. ಯಂತ್ರದ ಕೆಲಸ ಅಲ್ಲಿಯೇ ಸಿಕ್ಕಿಬೀಳುತ್ತದೆ. ಇಷ್ಟು ಹತ್ತಿರದ ಫೋಟೋಕ್ಕೆ ಎ55ರಲ್ಲಿ 5 ಮೆಗಾಪಿಕ್ಸೆಲ್ಲಿನ ಮ್ಯಾಕ್ರೋ ಕ್ಯಾಮೆರಾ ಬೇರೆಯೇ ಇದೆ. ನಾನು ಅದನ್ನು ಬಳಸುವುದಿಲ್ಲ. ಮುಖ್ಯ ಕ್ಯಾಮೆರಾವನ್ನೇ ಎರಡು ಪಟ್ಟು ಝೂಮ್ ಮಾಡಿ, ಒಂದು ಗೇಣಿಗಿಂತ ತುಸು ದೂರ ಹಿಡಿದರೆ ನೂಲಿನ ಹುರಿಯೂ ಕಾಣುತ್ತದೆ. ಅದರಲ್ಲಿ ಕೈನಡುಕ ತಡೆಯುವ ಓಐಎಸ್ ಇದೆ. ಮಧ್ಯಮ ಬೆಲೆಯ ಫೋನ್ ನೋಡುವವರು ಕ್ಯಾಮೆರಾ ಎಷ್ಟಿವೆ ಅಂತ ಎಣಿಸುವ ಬದಲು ಮುಖ್ಯ ಕ್ಯಾಮೆರಾಕ್ಕೆ ಓಐಎಸ್ ಇದೆಯೋ ಇಲ್ಲವೋ ಅಷ್ಟು ಕೇಳಿರಿ.

ಅಲ್ಟ್ರಾ ನಿಜಕ್ಕೂ ಮೇಲು ಅನ್ನಿಸಿದ್ದು ಸೀರೆ ಉಟ್ಟು ನಿಂತವರ ಫೋಟೋದಲ್ಲಿ. ಅದರ ಮೂರು ಪಟ್ಟಿನ ಟೆಲಿಫೋಟೋ ಲೆನ್ಸಿನಿಂದ ಹತ್ತು ಹನ್ನೆರಡು ಅಡಿ ಹಿಂದೆ ಸರಿದು ತೆಗೆದರೆ ಮೈಕಟ್ಟು, ನಿರಿಗೆ, ಸೆರಗು ಎಲ್ಲ ಕಣ್ಣಿಗೆ ಕಂಡ ಅಳತೆಯಲ್ಲೇ ಬರುತ್ತವೆ. ನನ್ನ ಸೊಸೆ ಉಟ್ಟು ನಿಂತ ಗೋಮಿ ದಡಿಯ ಹಸಿರು ಸೀರೆಯ ಫೋಟೋ ಈಗಲೂ ನನ್ನ ಹತ್ತಿರ ಇದೆ, ಅಂಥದ್ದು ಎ55ರಲ್ಲಿ ಬರುವುದಿಲ್ಲ. ಅದರಲ್ಲಿ ಟೆಲಿಫೋಟೋ ಲೆನ್ಸೇ ಇಲ್ಲ. ಪರದೆಯೂ ಅಷ್ಟೇ: ಎ55ರ ಪರದೆಯ ಬೆಳಕು 1000 ನಿಟ್ಸ್, ಅಂಗಳದ ಬಿಸಿಲಿಗೆ ಸಾಕಾಗುತ್ತದೆ, ಅಲ್ಟ್ರಾದ್ದು 2600, ಮೇಲಾಗಿ ಅದರ ಗಾಜಿನ ಮೇಲೆ ಬೆಳಕು ಪ್ರತಿಫಲಿಸುವುದು ಬಹಳ ಕಡಿಮೆ. ಮದುವೆ ಮನೆಯಲ್ಲಿ ದೂರ ನಿಂತು ಫೋಟೋ ತೆಗೆಯುವವರು, ವಿಡಿಯೋ ಮಾಡಿ ಹೊಟ್ಟೆ ಹೊರೆಯುವವರು ಆ ದುಡ್ಡು ಹಾಕಿದರೆ ನಾನು ಬೇಡ ಅನ್ನುವುದಿಲ್ಲ. ಅವರಿಗೆ ಅದು ದುಡಿದು ಕೊಡುತ್ತದೆ.

ಅಂಗಡಿಯ ಹುಡುಗ ನಾನು ದೊಡ್ಡ ಫೋನಿನ ಕಡೆಗೂ ನೋಡುತ್ತಿರುವುದನ್ನು ಕಂಡ. ‘ಅಕ್ಕಾರ, 24 ತಿಂಗಳ ಕಂತು ಮಾಡ್ಕೊಡ್ತೀನ್ರಿ. ದಿನಕ್ಕ 180 ರೂಪಾಯಿ ಬೀಳ್ತದ, ಅಷ್ಟ’ ಅಂದ. ಪಾಪ, ಅವನ ಕೆಲಸ ಅವನು ಮಾಡಿದ. ಬಡ್ಡಿಯಿಲ್ಲದ ಕಂತು ಅನ್ನುತ್ತಾರೆ, ಆದರೆ ಕಾರ್ಡಿನಲ್ಲಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಆ ಬಡ್ಡಿಯಷ್ಟನ್ನು ಬೆಲೆಯಲ್ಲಿ ಮೊದಲೇ ಇಳಿಸಿರುತ್ತಾರೆ, ಬಡ್ಡಿಯ ಮೇಲಿನ 18 ಶೇಕಡಾ ಜಿಎಸ್‌ಟಿ ನಮ್ಮ ತಲೆಗೆ ಬರುತ್ತದೆ. ಅದನ್ನು ಬಿಟ್ಟರೂ ತಿಂಗಳಿಗೆ 5,416 ರೂಪಾಯಿ. ಒಂದು ಸಾದಾ ಸೀರೆ ಮಾರಿದರೆ ನನಗೆ ಉಳಿಯುವುದು 250ರಿಂದ 300. ಹಾಗಾದರೆ ಪ್ರತಿ ತಿಂಗಳೂ ಸುಮಾರು ಇಪ್ಪತ್ತು ಸೀರೆಯ ಗಳಿಕೆ ಫೋನಿಗೇ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನನ್ನ ಕಡೆ ಇಪ್ಪತ್ತು ಸೀರೆ ಹೋಗುವುದೇ ಕಷ್ಟ. ಅಲ್ಲಿಯೇ ಸ್ಟೂಲಿನ ಮೇಲೆ ಕೂತು ರಸೀದಿಯ ಹಿಂದೆ ಈ ಲೆಕ್ಕ ಬರೆದೆ, ಎ55 ಕಟ್ಟಿಕೊಡಪ್ಪಾ ಅಂದೆ.

128 ಜಿಬಿಯದಕ್ಕಿಂತ 3,000 ಹೆಚ್ಚು ಕೊಟ್ಟು 256ರದನ್ನೇ ತೆಗೆದುಕೊಂಡದ್ದಕ್ಕೆ ಕಾರಣವಿದೆ. ಎ55ಕ್ಕೆ ಮೆಮೊರಿ ಕಾರ್ಡ್ ಹಾಕಬಹುದು, ಆದರೆ ಅದು ಎರಡನೇ ಸಿಮ್ಮಿನ ಜಾಗದಲ್ಲೇ ಕೂರುತ್ತದೆ. ನನಗೆ ಮನೆಯ ನಂಬರು ಒಂದು, ವ್ಯಾಪಾರದ ನಂಬರು ಒಂದು ಬೇಕೇ ಬೇಕು. ಡಬ್ಬಿಯಲ್ಲಿ ಚಾರ್ಜರ್ ಇರುವುದಿಲ್ಲ, ಕೇಬಲ್ ಮಾತ್ರ. ಅಲ್ಟ್ರಾದ ಡಬ್ಬಿಯಲ್ಲೂ ಇರುವುದಿಲ್ಲ. ಚಾರ್ಜರಿಗೆ ಬೇರೆ ದುಡ್ಡು ತೆಗೆದಿಟ್ಟುಕೊಂಡು ಹೋಗಿರಿ. ಇಯರ್‌ಫೋನಿನ ತೂತೂ ಇಲ್ಲ. ಚಾರ್ಜಿಂಗ್ 25 ವ್ಯಾಟ್, ಇದೇ ಬೆಲೆಯ ಬೇರೆ ಕಂಪನಿಯ ಫೋನುಗಳು ಇದಕ್ಕಿಂತ ಬಹಳ ಬೇಗ ತುಂಬುತ್ತವೆ. ನಾನು ರಾತ್ರಿ ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಹಾಕಿ, ಊಟ ಮುಗಿಸಿ ತೆಗೆಯುತ್ತೇನೆ, ತುಂಬಿರುತ್ತದೆ. 5000 ಎಂಎಎಚ್ ಬ್ಯಾಟರಿ ನನ್ನ ಇಡೀ ದಿನದ ಫೋಟೋ, ಕರೆ, ವಿಡಿಯೋ ಕರೆ ಎಲ್ಲ ಮುಗಿದು ಇನ್ನೂ ಕಾಲು ಭಾಗ ಉಳಿದಿರುತ್ತದೆ.

ಪೋಸ್ಟಿಗೆ ಪಾಕೀಟು ಒಯ್ಯುವ ಹೊತ್ತಿಗೇ ಧಾರವಾಡದ ಮಳೆ ಹಿಡಿಯುತ್ತದೆ. ಆಟೋದಲ್ಲಿ ಸೀರೆ ಪಾಕೀಟನ್ನು ಮಡಿಲಲ್ಲಿ ಮುಚ್ಚಿಕೊಂಡು, ಫೋನನ್ನು ಹಾಗೇ ಕೈಯಲ್ಲಿ ಹಿಡಿದು ಎಷ್ಟೋ ಸಲ ಬಂದಿದ್ದೇನೆ. ಎ55ಕ್ಕಿರುವ ಐಪಿ67 ಅಂದರೆ ಒಂದು ಮೀಟರ್ ಸಿಹಿನೀರಿನಲ್ಲಿ ಅರ್ಧ ತಾಸು ತಡೆಯಬೇಕೆಂಬ ಪರೀಕ್ಷೆ, ಮಳೆಯ ಹನಿ ಅದಕ್ಕೆ ಲೆಕ್ಕವಲ್ಲ. ಹಿಂದೆ ಮುಂದೆ ಗೊರಿಲ್ಲಾ ಗ್ಲಾಸ್ ವಿಕ್ಟಸ್ ಪ್ಲಸ್, ಸುತ್ತ ಅಲ್ಯೂಮಿನಿಯಂ. ಕೈಗೆ ಭಾರ ಅನ್ನಿಸುತ್ತದೆ, 213 ಗ್ರಾಂ. ಬಾಗಿಲಿಗೆ ಬಂದ ಗಿರಾಕಿಗೆ ತೋರಿಸುವಾಗ ಅಗ್ಗದ ವಸ್ತುವಿನ ಹಾಗೆ ಕಾಣುವುದಿಲ್ಲ, ಅದೂ ನನಗೆ ಬೇಕಿತ್ತು.

ನನ್ನ ಹಳೆಯ ಫೋನಿಗೆ ಅಪ್‌ಡೇಟ್ ನಿಂತು ಎರಡು ವರ್ಷವಾಗಿತ್ತು. ಬ್ಯಾಂಕಿನ ಆ್ಯಪ್ ತೆರೆಯುವಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು, ನಾಳೆ ಇದು ನಡೆಯುತ್ತದೋ ಇಲ್ಲವೋ ಅಂತ. ನನ್ನ ದುಡ್ಡೆಲ್ಲ ಯುಪಿಐನಲ್ಲೇ ಬರುವುದು. ಎ55 ಆಂಡ್ರಾಯ್ಡ್ 14ರೊಂದಿಗೆ ಬಂತು, ನಾಲ್ಕು ಸಲ ಹೊಸ ಆವೃತ್ತಿ, ಐದು ವರ್ಷ ಸುರಕ್ಷತೆಯ ಅಪ್‌ಡೇಟ್ ಕೊಡುವ ಮಾತು ಕಂಪನಿಯದು. ಅಲ್ಟ್ರಾಕ್ಕೆ ಏಳು ವರ್ಷ. 2025ರ ಮಾರ್ಚಿನಲ್ಲಿ ಬಂದ ಎ56ರಲ್ಲಿ ಆರು ವರ್ಷ ಆಗಿದೆ, ಚಾರ್ಜಿಂಗೂ 45 ವ್ಯಾಟಿಗೆ ಏರಿದೆ. ಈಗ ಕೊಳ್ಳುವವರು ಎ55 ಬಿಟ್ಟು ಹೊಸದನ್ನೇ ನೋಡಲಿ. ನಾನು ಬದಲಾಯಿಸುವುದಿಲ್ಲ.

ಆ ಪುಣೆಯವರು ಮೊನ್ನೆ ದಸರೆಗೆ ಮತ್ತೆ ಎರಡು ಸೀರೆ ತರಿಸಿಕೊಂಡರು. ಪಾಕೀಟು ಒಡೆದು, ಸೀರೆಯನ್ನು ಫೋನಿನಲ್ಲಿದ್ದ ನನ್ನ ಫೋಟೋದ ಪಕ್ಕ ಇಟ್ಟು, ಅದರದೇ ಒಂದು ಫೋಟೋ ತೆಗೆದು ಕಳಿಸಿದ್ದರು. ಕೆಳಗೆ ‘ಬಣ್ಣ ಕೂಡ್ತರಿ’ ಅಂತ ಬರೆದಿತ್ತು. ಈ ಫೋನಿನ ಐದು ವರ್ಷ 2029ಕ್ಕೆ ಮುಗಿಯುತ್ತದೆ. ಅವ್ವನ ಚಂದ್ರಕಾಳಿಯನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿಕೊಂಡು ಕೊಪ್ಪೀಕರ ರಸ್ತೆಗೆ ಹೋಗುವುದು ಆಗಲೇ.