ದಾವಣಗೆರೆ ಪಾಸ್, ಚಿತ್ರದುರ್ಗ ಫೇಲ್: ಮಕ್ಕಳ ಕಲಿಕೆಯ ಸಾಫ್ಟ್‌ವೇರ್‌ಗೆ ನಾಲ್ಕು ಕಡೆ ಕೈ ಹಾಕಿ ನೋಡಿದೆ

ಓಪನ್ ಸೋರ್ಸ್‌ಗೆ, ಅಂದರೆ ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್‌ಗೆ, ಏನಾದರೂ ಕೆಲಸ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕಾಲೇಜಿನ ಜೂನಿಯರ್‌ಗಳು ಕೇಳಿದಾಗಲೆಲ್ಲ ನಾನು ಒಂದೇ ಉತ್ತರ ಕೊಡುತ್ತಿದ್ದೆ. "ಅನುವಾದ ಮಾಡ್ರಪ್ಪಾ, ಸುಲಭ. ಕೋಡ್ ಆಮೇಲೆ ನೋಡ್ಕೊಂಡರಾಯ್ತು." ನಾನು ಸ್ವತಃ ಮಾಡಿರಲಿಲ್ಲ. ಎಲ್ಲರೂ ಹಾಗೆ ಹೇಳುತ್ತಾರೆ, ಅದಕ್ಕೆ ನಾನೂ ಹೇಳುತ್ತಿದ್ದೆ. ಈ ಮಳೆಗಾಲದಲ್ಲಿ ಬಿಸಿಎ ಮುಗಿಸಿ ಕೆಲಸದ ಕರೆಗೆ ಕಾಯುತ್ತಾ ಮನೆಯಲ್ಲಿದ್ದೆ. ಆಗ ಮಕ್ಕಳ ಕಲಿಕೆಯ ಸಾಫ್ಟ್‌ವೇರ್‌ಗಳಲ್ಲಿ ನಾಲ್ಕು ತರಹದ ಕೆಲಸ ಮಾಡಿ ನೋಡಿದೆ. ಸುಲಭ ಅಂದುಕೊಂಡದ್ದು ಕಷ್ಟವಾಯಿತು. ಕಷ್ಟ ಅಂದುಕೊಂಡದ್ದು ಏಳು ಸಾಲಿನಲ್ಲಿ ಮುಗಿಯಿತು.

ನನ್ನ ಹತ್ತಿರ ಇದ್ದದ್ದು 4 ಜಿಬಿ ಮೆಮೊರಿಯ ಹಳೇ ಲ್ಯಾಪ್‌ಟಾಪ್, ಅದರಲ್ಲಿ ಉಬುಂಟು, ಮೊಬೈಲಿನ ಹಾಟ್‌ಸ್ಪಾಟ್. ದಾವಣಗೆರೆ ವಿದ್ಯಾನಗರದ ನಮ್ಮ ಮನೆಗೆ ಅಕ್ಕನ ಮಗಳು ಶಾಲೆ ಬಿಟ್ಟ ಮೇಲೆ ಬರುತ್ತಾಳೆ. ಎರಡನೇ ಕ್ಲಾಸು. ಅವಳೇ ನನ್ನ ಪರೀಕ್ಷಕಿ. ಮಾಮ ಅಂತ ಮುಲಾಜು ತೋರಿಸುವವಳಲ್ಲ.

ಮೊದಲು ಹಿಡಿದದ್ದು ಟಕ್ಸ್ ಪೇಂಟ್. ಮಕ್ಕಳು ಚಿತ್ರ ಬಿಡಿಸುವ ಪ್ರೋಗ್ರಾಂ, 2002ರಲ್ಲಿ ಬಿಲ್ ಕೆಂಡ್ರಿಕ್ ಶುರು ಮಾಡಿದ್ದು. ಅದರಲ್ಲಿ ಸ್ಟ್ಯಾಂಪ್ ಅಂತ ಇದೆ. ರೆಡಿ ಇರುವ ಚಿತ್ರ ಆರಿಸಿ ಹಾಳೆ ಮೇಲೆ ಒತ್ತಿದರೆ ಅದು ಮೂಡುತ್ತದೆ. ಒಂದು ಸ್ಟ್ಯಾಂಪಿಗೆ ಬೇಕಾಗಿರುವುದು ಹಿನ್ನೆಲೆ ತೆಗೆದ ಒಂದು ಪಿಎನ್‌ಜಿ ಚಿತ್ರ, ಅದೇ ಹೆಸರಿನ ಒಂದು ಟೆಕ್ಸ್ಟ್ ಫೈಲು, ಮನಸ್ಸಿದ್ದರೆ ಒಂದು ಸದ್ದು. ಟೆಕ್ಸ್ಟ್ ಫೈಲಿನ ಮೊದಲ ಸಾಲು ಇಂಗ್ಲಿಷ್ ಹೆಸರು. ಅದರ ಕೆಳಗೆ ಒಂದೊಂದು ಭಾಷೆಗೆ ಒಂದೊಂದು ಸಾಲು. ಹೋಮ್ ಫೋಲ್ಡರ್‌ನಲ್ಲಿ ಅಡಗಿರುವ ಟಕ್ಸ್ ಪೇಂಟ್ ಫೋಲ್ಡರ್‌ಗೆ ಇವನ್ನು ಹಾಕಿ ಪ್ರೋಗ್ರಾಂ ತೆರೆದರೆ ಆಯಿತು. ಕಂಪೈಲು ಗಿಂಪೈಲು ಏನೂ ಇಲ್ಲ.

ದಾವಣಗೆರೆಯವನು ಏನು ಸ್ಟ್ಯಾಂಪ್ ಮಾಡುತ್ತಾನೆ ಹೇಳಿ? ಬೆಣ್ಣೆ ದೋಸೆ. ಮನೆಯಲ್ಲೇ ದೋಸೆ ಹುಯ್ಯಿಸಿ, ಬಿಳಿ ತಟ್ಟೆಯಲ್ಲಿಟ್ಟು ಫೋಟೋ ತೆಗೆದೆ. ಗಿಂಪ್ ಅನ್ನುವ ಫೋಟೋ ತಿದ್ದುವ ಪ್ರೋಗ್ರಾಂನಲ್ಲಿ ಬಿಳಿ ಬಣ್ಣ ಆರಿಸಿ ಹಿನ್ನೆಲೆ ಅಳಿಸಿದೆ. ತಟ್ಟೆಯ ಜೊತೆ ಬೆಣ್ಣೆಯೂ ಹೋಯಿತು. ದೋಸೆಯ ನಡುವೆ ಒಂದು ತೂತು. ಎರಡನೇ ಸಲ ಸ್ಟೀಲ್ ತಟ್ಟೆ ಇಟ್ಟೆ. ಹಂಚಿನ ಚುಂಯ್ ಸದ್ದು ಮೊಬೈಲಿನಲ್ಲಿ ಹಿಡಿದು ಸೇರಿಸಿದೆ. ಅಕ್ಕನ ಮಗಳು ಒಂದು ಹಾಳೆ ತುಂಬ ಇಪ್ಪತ್ತು ದೋಸೆ ಒತ್ತಿದಳು, ಆ ಸದ್ದಿಗೋಸ್ಕರ.

ಚಿತ್ರದುರ್ಗದ ಕೋಟೆಯದೂ ಒಂದು ಇರಲಿ ಅಂತ ನೆಟ್ಟಿನಿಂದ ಫೋಟೋ ಇಳಿಸಿದ್ದೆ. ಆಮೇಲೆ ನಿಯಮ ಓದಿದೆ. ಯಾರದೋ ಫೋಟೋ ತಂದು ಹಾಕುವ ಹಾಗಿಲ್ಲ. ಒಂದೋ ನೀವೇ ತೆಗೆದದ್ದಿರಬೇಕು, ಇಲ್ಲವೇ ಹಾಗೆ ಬಳಸಲು ಬಿಟ್ಟುಕೊಟ್ಟ ಲೈಸೆನ್ಸ್ ಇರಬೇಕು. ಭಾನುವಾರ ಬಸ್ ಹತ್ತಿದೆ. ಒನಕೆ ಓಬವ್ವನ ಕಿಂಡಿ ಮುಂದೆ ನಿಂತ ಮೇಲೆ ಹೊಳೆಯಿತು: ಕಿಂಡಿ ಅಂದರೆ ಬಂಡೆ ನಡುವಿನ ಸಂದು, ಸಂದನ್ನು ಕತ್ತರಿಸಿ ತೆಗೆಯೋದು ಹೇಗೆ? ಕೊನೆಗೆ ಕೋಟೆ ಬಾಗಿಲೊಂದರ ಫೋಟೋ ತಂದೆ. ಒಟ್ಟು ಎರಡು ಸಂಜೆ, ಒಂದು ಭಾನುವಾರ, ಎರಡು ಸ್ಟ್ಯಾಂಪು. ಕೋಡ್ ಒಂದಕ್ಷರ ಕಲಿಯಲಿಲ್ಲ. ಲೈಸೆನ್ಸ್ ಅಂದರೆ ಏನು ಅಂತ ಮಾತ್ರ ಮೂರು ವರ್ಷದ ಕಾಲೇಜಿಗಿಂತ ಚೆನ್ನಾಗಿ ತಿಳಿಯಿತು.

ಎರಡನೆಯದು ಜಿಕಾಂಪ್ರಿ. ಎರಡರಿಂದ ಹತ್ತು ವರ್ಷದ ಮಕ್ಕಳಿಗೆ ನೂರಕ್ಕೂ ಹೆಚ್ಚು ಆಟಗಳ ಒಂದು ಗಂಟು. 2000ದಲ್ಲಿ ಫ್ರಾನ್ಸಿನ ಬ್ರೂನೊ ಕೂದ್ವಾನ್ ಶುರು ಮಾಡಿದರು. ಆ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಫ್ರೆಂಚಿನಲ್ಲಿ 'ನನಗೆ ಅರ್ಥವಾಯಿತು' ಅಂದ ಹಾಗೆ ಕೇಳುತ್ತದೆ. ಈಗ ಅದು ಕೆಡಿಇ ಅನ್ನುವ ಓಪನ್ ಸೋರ್ಸ್ ಬಳಗದಲ್ಲಿದೆ. ಅನುವಾದದ ಸಾಲುಗಳು ಪಿಒ ಫೈಲಿನಲ್ಲಿ ಇರುತ್ತವೆ. ಪೊಎಡಿಟ್ ಅಥವಾ ಲೋಕಲೈಸ್‌ನಲ್ಲಿ ತೆರೆದು ಎಡಕ್ಕೆ ಇಂಗ್ಲಿಷ್ ನೋಡಿ ಬಲಕ್ಕೆ ಕನ್ನಡ ತುಂಬಿಸುವುದು. ಕೋಡಿಗೆ ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹಾಕುವ ಹಾಗೆ ಇಲ್ಲಿಲ್ಲ, ಭಾಷೆಯ ತಂಡದ ಮೂಲಕ ಹೋಗಬೇಕು.

ಇದನ್ನೇ ನಾನು ಎಲ್ಲರಿಗೂ ಸುಲಭ ಅಂದಿದ್ದು.

ಮೊದಲ ದಿನ ಅರವತ್ತು ಸಾಲು ಮುಗಿಸಿ ಬೀಗಿದೆ. ಎರಡನೇ ದಿನ ಓದಿದರೆ ಅದು ಮಕ್ಕಳ ಭಾಷೆಯೇ ಅಲ್ಲ. 'ಸಂರಚಿಸು', 'ಆಯ್ಕೆಗೊಳಿಸು', 'ಸ್ಥಾನಾಂತರಿಸು'. ಯಾವ ಮಗು ಹಾಗೆ ಮಾತಾಡುತ್ತದೆ? 'ಎಳೆದು ಬಿಡು', 'ಇದನ್ನು ಒತ್ತು' ಅಂತ ತಿದ್ದಿದೆ. ತಿದ್ದುವಾಗ ಇನ್ನೊಂದು ಗಂಟು. ಮಗುವಿಗೆ 'ಒತ್ತು' ಅನ್ನಬೇಕೋ 'ಒತ್ತಿ' ಅನ್ನಬೇಕೋ? ಮನೆಯಲ್ಲಿ ಅಕ್ಕನ ಮಗಳಿಗೆ ನಾವು 'ಒತ್ತು' ಅನ್ನುತ್ತೇವೆ, ಪಠ್ಯಪುಸ್ತಕದಲ್ಲಿ 'ಬರೆಯಿರಿ' ಅಂತ ಇರುತ್ತದೆ. ಯಾವುದೇ ಹಿಡಿದರೂ ಕೊನೆಯ ಸಾಲಿನವರೆಗೆ ಅದನ್ನೇ ಹಿಡಿಯಬೇಕು. ನಾನು ಅರ್ಧ ಹಾಗೆ, ಅರ್ಧ ಹೀಗೆ ಮಾಡಿಟ್ಟಿದ್ದೆ.

ನಿಜವಾದ ತಲೆನೋವು ಖಾಲಿ ಜಾಗದ ಸಾಲುಗಳು. ಇಂಗ್ಲಿಷಿನಲ್ಲಿ %1 ಅಂತ ಗುರುತು ಇರುತ್ತದೆ, ಓಡುವಾಗ ಅಲ್ಲಿ ಒಂದು ಹೆಸರು ಬಂದು ಕೂರುತ್ತದೆ. ಇಂಗ್ಲಿಷ್‌ನವರು ಅದರ ಹಿಂದೆ ಒಂದು ಪುಟ್ಟ ಪದ ಇಟ್ಟರೆ ಮುಗಿಯಿತು. ನಮಗೆ ಹಾಗಾಗುತ್ತದೆಯೇ? %1 ಪಕ್ಕ 'ಗೆ' ಅಂಟಿಸಿದೆ ಅನ್ನಿ. ಸೀತೆ ಬಂದರೆ 'ಸೀತೆಗೆ', ಸರಿ. ರಾಮ ಬಂದರೆ 'ರಾಮಗೆ'. ಮೈಸೂರು ಬಂದರೆ 'ಮೈಸೂರುಗೆ'. ರಾಮನಿಗೆ, ಮೈಸೂರಿಗೆ ಅಂತ ಮಾಡಲು ಪಿಒ ಫೈಲಿಗೆ ಬರುವುದಿಲ್ಲ. ಹೆಸರಿಗೆ ವಿಭಕ್ತಿಯೇ ತಾಗದ ಹಾಗೆ ವಾಕ್ಯವನ್ನು ಬಿಚ್ಚಿ ಬೇರೆ ಕಟ್ಟಬೇಕು. ಏಕವಚನ, ಬಹುವಚನಕ್ಕೆ ಎರಡು ಬೇರೆ ಚೌಕ ಇರುತ್ತವೆ. ಆದರೆ ನಾವು ಐದು ಹಣ್ಣು ಅನ್ನುತ್ತೇವೆ, ಐದು ಮಗು ಅನ್ನುವುದಿಲ್ಲ, ಐದು ಮಕ್ಕಳು. ಇದನ್ನೆಲ್ಲ ಒಂದೊಂದು ಸಾಲಿಗೂ ನಿಂತು ಯೋಚಿಸಬೇಕು.

ಇಷ್ಟೆಲ್ಲ ಮಾಡಿಯೂ ಒಂದು ತಪ್ಪು ಉಳಿದಿತ್ತು. ದಿಕ್ಕು ಹೇಳುವ ಕಡೆ 'ರೈಟ್' ಅನ್ನುವ ಒಂಟಿ ಪದ ಇತ್ತು. ನಾನು 'ಸರಿ' ಅಂತ ಹಾಕಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅಕ್ಕನ ಮಗಳು ಆಡುವಾಗ ಕೇಳಿದಳು: "ಮಾಮ, ಎಡಕ್ಕೆ ಹೋಗೋದು ತಪ್ಪಾ?" ಅವಳು ಕೇಳದಿದ್ದರೆ ಅದು ಹಾಗೇ ಹೋಗುತ್ತಿತ್ತು. ಕೋಡ್ ತಪ್ಪಾದರೆ ಕಂಪ್ಯೂಟರ್ ಕೂಗಾಡುತ್ತದೆ. ಅನುವಾದ ತಪ್ಪಾದರೆ ಎಲ್ಲವೂ ತಣ್ಣಗೆ ಓಡುತ್ತದೆ. ಹೊಸಬರಿಗೆ ಬೇಕಾಗಿರುವುದೇ ತಪ್ಪು ಹಿಡಿಯುವವರು, ಅಲ್ವಾ? ಕನ್ನಡದ ಸಾಲನ್ನು ಕನ್ನಡದವರಷ್ಟೇ ತಿದ್ದಬಹುದು. ಅಂಥವರು ಪಕ್ಕದಲ್ಲಿ ಇಲ್ಲದೆ ಅನುವಾದಕ್ಕೆ ಇಳಿದರೆ ಒಬ್ಬರೇ ಬರೆದು ಒಬ್ಬರೇ ಮೆಚ್ಚಿಕೊಂಡ ಹಾಗೆ.

ಜಿಕಾಂಪ್ರಿಯಲ್ಲಿ ಧ್ವನಿಯ ಕೆಲಸವೂ ಇದೆ. ಅಕ್ಷರ, ಅಂಕಿ, ಪದಗಳನ್ನು ಓದಿ ರೆಕಾರ್ಡ್ ಮಾಡುವುದು. ಅಕ್ಷರದ ಫೈಲಿಗೆ ಅದರ ಯೂನಿಕೋಡ್ ಸಂಖ್ಯೆಯೇ ಹೆಸರು, ಅಂದರೆ ಕಂಪ್ಯೂಟರ್ ಆ ಅಕ್ಷರವನ್ನು ಗುರುತಿಸುವ ಸಂಖ್ಯೆ. ಅ ಅಕ್ಷರಕ್ಕೆ ಯು0ಸಿ85. ನಾನು ನಮ್ಮ ಮನೆಯಲ್ಲಿ ರೆಕಾರ್ಡ್ ಮಾಡಲು ಕೂತಾಗ ಕುಕ್ಕರ್ ಕೂಗಿತು, ಆಮೇಲೆ ಮಿಕ್ಸಿ, ಆಮೇಲೆ ದೂರದಲ್ಲಿ ರೈಲು. ರಾತ್ರಿ ಹನ್ನೊಂದರ ಮೇಲೆ ಹಾಸಿಗೆಯ ರಗ್ಗು ಹೊದ್ದು ಓದಿದೆ. ಮಾರನೇ ದಿನ ಅಕ್ಕನ ಮಗಳ ತೀರ್ಪು: "ನೀನು ಋ ನ ರು ಅಂತೀಯ. ಶ ನೂ ಷ ನೂ ಒಂದೇ ಥರ ಐತಿ." ಮತ್ತೆ ರಗ್ಗು. ಆದರೂ ಈ ಕೆಲಸ ನನಗೆ ಅನುವಾದಕ್ಕಿಂತ ಇಷ್ಟವಾಯಿತು. ಒಂದೊಂದು ಫೈಲು ಮುಗಿಯುತ್ತದೆ. ಮುಗಿದದ್ದು ಕಿವಿಗೆ ಗೊತ್ತಾಗುತ್ತದೆ.

ಮೂರನೆಯದು ಶುಗರ್. ಅದರ ಬಗ್ಗೆ ಹೆಚ್ಚು ಹೇಳಲಾರೆ, ಯಾಕೆಂದರೆ ಅಲ್ಲಿ ಅರ್ಧಕ್ಕೆ ನಿಂತೆ. ಮಕ್ಕಳಿಗೊಂದು ಲ್ಯಾಪ್‌ಟಾಪ್ ಅನ್ನುವ ಯೋಜನೆಗೆ ಕಟ್ಟಿದ್ದು ಅದು, ಕಂಪ್ಯೂಟರ್ ತೆರೆದಾಗ ಮಗುವಿಗೆ ಕಾಣುವ ಪರದೆ. 2008ರಲ್ಲಿ ವಾಲ್ಟರ್ ಬೆಂಡರ್ ಅದಕ್ಕೆ ಶುಗರ್ ಲ್ಯಾಬ್ಸ್ ಅಂತ ಬೇರೆ ಸಂಸ್ಥೆ ಮಾಡಿದರು. ಪೆನ್‌ಡ್ರೈವ್‌ನಿಂದಲೇ ಓಡಿಸಬಹುದು, ಲ್ಯಾಪ್‌ಟಾಪಿನಲ್ಲಿ ಏನನ್ನೂ ಕದಡಬೇಕಿಲ್ಲ. ಪ್ರೋಗ್ರಾಂಗೆ ಅಲ್ಲಿ ಆಕ್ಟಿವಿಟಿ ಅನ್ನುತ್ತಾರೆ, ಹೆಚ್ಚಿನವು ಪೈಥಾನ್ ಅನ್ನುವ ಕೋಡ್ ಭಾಷೆಯಲ್ಲಿವೆ. ನಾನು ಮಂಡಕ್ಕಿ ಅಳೆಯುವ ಆಟ ಮಾಡಲು ಹೋದೆ: ನಾಲ್ಕು ಪಾವು ಸುರಿದರೆ ಒಂದು ಸೇರು ತುಂಬಬೇಕು. ಲೆಕ್ಕದ ಕೋಡ್ ಒಂದು ಸಂಜೆಯಲ್ಲಿ ಆಯಿತು. ಐಕಾನ್‌ಗೆ ಮೂರು ಸಂಜೆ ಹೋಯಿತು. ಅಲ್ಲಿ ಪ್ರತಿ ಮಗು ತನಗೆ ಎರಡು ಬಣ್ಣ ಆರಿಸಿಕೊಳ್ಳುತ್ತದೆ, ಐಕಾನ್‌ಗಳು ಆ ಬಣ್ಣ ತಳೆಯಬೇಕು. ನಾನು ಚಿತ್ರದಲ್ಲಿ ಬಣ್ಣಗಳನ್ನು ನೇರವಾಗಿ ಬರೆದುಬಿಟ್ಟಿದ್ದೆ. ಸೇವ್ ಬಟನ್ ಹುಡುಕಿ ಹುಡುಕಿ ಸಾಕಾಯಿತು. ಸೇವ್ ಅನ್ನುವುದೇ ಇಲ್ಲ, ಮಾಡಿದ್ದೆಲ್ಲ ಜರ್ನಲ್‌ಗೆ ತಾನೇ ಹೋಗುತ್ತದೆ. ಅಕ್ಕನ ಮಗಳು ಇದಕ್ಕೆ ಒಂದು ನಿಮಿಷದಲ್ಲಿ ಹೊಂದಿಕೊಂಡಳು.

ನನ್ನ ತಪ್ಪು ಹೊಸ ಆಟ ಕಟ್ಟಲು ಹೋದದ್ದು. ಪೈಥಾನ್ 2ಕ್ಕೆ 2020ರ ಜನವರಿ 1ಕ್ಕೆ ಬೆಂಬಲ ನಿಂತಿತು. ಆ ಕಾಲದಲ್ಲಿ ಬರೆದ ಒಂದು ಆಟವನ್ನು ಪೈಥಾನ್ 3ಕ್ಕೆ ತಂದಿದ್ದರೆ ಕೆಲಸ ಚಿಕ್ಕದಾಗುತ್ತಿತ್ತು. ಆಗಲೇ ಆಡುತ್ತಿರುವವರಿಗೆ ಉಪಯೋಗವೂ ಆಗುತ್ತಿತ್ತು.

ನಾಲ್ಕನೆಯದು ಬ್ರೌಸರ್‌ನಲ್ಲಿ ಓಡುವ ಒಂದು ಪುಟ್ಟ ಪದ ಜೋಡಣೆಯ ಆಟ. ಯಾರೋ ಒಬ್ಬರೇ ಬರೆದದ್ದು, ಬರೀ ಜಾವಾಸ್ಕ್ರಿಪ್ಟ್. ಪದದ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿ ಬರುತ್ತವೆ, ಸಾಲಾಗಿ ಕೂರಿಸಬೇಕು. ಕನ್ನಡ ಪದಪಟ್ಟಿ ಸೇರಿಸೋಣ ಅಂತ ಹೋದೆ. ಊರ ಹೆಸರುಗಳು ಇರಲಿ ಅಂತ 'ಚಿತ್ರದುರ್ಗ' ಹಾಕಿದರೆ ಪರದೆ ಮೇಲೆ ಹತ್ತು ಚೌಕ. ಒಂದರಲ್ಲಿ ಗುಡಿಸು ಒಂಟಿಯಾಗಿ, ಇನ್ನೊಂದರಲ್ಲಿ ಕೊಂಬು, ಎರಡರಲ್ಲಿ ಬರೀ ಅರ್ಧಾಕ್ಷರದ ಚಿಹ್ನೆ. ಈ ನಾಲ್ಕರ ಜೊತೆಗೂ ಚುಕ್ಕಿಯ ವೃತ್ತ. "ಮಾಮ, ಇದು ಯಾವ ಅಕ್ಷರ? ನಮ್ಮ ಪುಸ್ತಕದಾಗ ಇಲ್ಲ."

ಪುಸ್ತಕದಲ್ಲಿ ಇರುವುದಿಲ್ಲ. ಕಂಪ್ಯೂಟರ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ನಾವು ಎಣಿಸುವುದು ಅಕ್ಷರಗಳನ್ನು. ಚಿ, ತ್ರ, ದು, ರ್ಗ: ನಮಗೆ ನಾಲ್ಕು. ಅದಕ್ಕೆ ಹತ್ತು. ದಾವಣಗೆರೆ ನಮಗೆ ಐದು, ಅದಕ್ಕೆ ಎಂಟು. 'ಸ್ತ್ರೀ' ಅನ್ನುವ ಒಂದೇ ಅಕ್ಷರ ಅದಕ್ಕೆ ಆರು.

ಬ್ರೌಸರ್‌ನಲ್ಲಿ ಇದಕ್ಕೇ ಇಂಟಲ್ ಸೆಗ್ಮೆಂಟರ್ ಅನ್ನುವ ಸೌಲಭ್ಯ ಇದೆ ಅಂತ ಓದಿ ಅದನ್ನು ಹಾಕಿದೆ. ದಾವಣಗೆರೆ ಸರಿಯಾಗಿ ಐದು ತುಂಡಾಯಿತು. ಗೆದ್ದೆ ಅಂದುಕೊಂಡೆ. ಚಿತ್ರದುರ್ಗ ಆರು ತುಂಡಾಯಿತು: ಚಿ, ತ್, ರ, ದು, ರ್, ಗ. ಕಾಗುಣಿತ ಅದಕ್ಕೆ ಗೊತ್ತು, ಒತ್ತಕ್ಷರ ಗೊತ್ತಿಲ್ಲ. ನಮ್ಮ ಊರಿನ ಹೆಸರಿನಲ್ಲಿ ಒತ್ತೇ ಇಲ್ಲದ್ದರಿಂದ ನಾವು ಪಾಸ್. ಬರೀ ದಾವಣಗೆರೆ ಹಾಕಿ ನೋಡಿ ಕಳಿಸಿದ್ದರೆ ಮರ್ಯಾದೆ ಹೋಗುತ್ತಿತ್ತು.

ಪರಿಹಾರ ಸಣ್ಣದು. ಒಂದು ತುಂಡು ಅರ್ಧಾಕ್ಷರದ ಚಿಹ್ನೆಯಿಂದ ಮುಗಿದರೆ ಅದನ್ನು ಮುಂದಿನ ತುಂಡಿಗೆ ಸೇರಿಸು. ಮುಂದೆ ಏನೂ ಇಲ್ಲದಿದ್ದರೆ ಹಾಗೇ ಬಿಡು, ಯಾಕೆಂದರೆ 'ಬಸ್' ಅನ್ನುವ ಪದದಲ್ಲಿ ಸ್ ತಾನೇ ಒಂದು ಚೌಕ. 'ಬಸ್‌ಗಳು' ಕೆಡುತ್ತದೆ ಅಂತ ಹೆದರಿದ್ದೆ. ಕೆಡಲಿಲ್ಲ. ಸ್ ಮತ್ತು ಗ ಅಂಟದಿರಲಿ ಅಂತ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದಲ್ಲ, ತುಂಡು ಅದರಿಂದ ಮುಗಿಯುತ್ತದೆ, ಹಾಗಾಗಿ ನನ್ನ ನಿಯಮ ತಟ್ಟುವುದಿಲ್ಲ. ಏಳು ಸಾಲು ಕೋಡ್, ಜೊತೆಗೆ ಪರೀಕ್ಷೆಗೆ ಐದು ಪದ. ಆಟ ಬರೆದವರಿಗೆ ಕನ್ನಡ ಬರುವುದಿಲ್ಲ. ಆದರೆ ನಾಲ್ಕು ಬರಬೇಕಾದಲ್ಲಿ ಆರು ಬರುತ್ತಿದೆ ಅನ್ನುವುದು ಅವರಿಗೆ ತಕ್ಷಣ ಗೊತ್ತಾಯಿತು. ಒಂದು ವೇರಿಯಬಲ್ ಹೆಸರು ಬದಲಿಸು ಅಂದರು, ಬದಲಿಸಿದೆ, ಮೂರನೇ ದಿನ ಮರ್ಜ್ ಆಯಿತು, ಅಂದರೆ ಆಟದ ಕೋಡಿಗೆ ಸೇರಿತು.

ಎಲ್ಲ ಕಡೆ ಹೀಗಾಗುತ್ತದೆ ಅಂತ ನಂಬಬೇಡಿ. ಇನ್ನೊಂದು ಯೋಜನೆಗೆ ಒಂದು ತಪ್ಪು ತಿದ್ದಿ ಕಳಿಸಿದ್ದೆ, ಹೆಸರು ಬೇಡ. ಒಂಬತ್ತು ವಾರವಾಯಿತು, ಹೂಂ ಇಲ್ಲ ಉಹೂಂ ಇಲ್ಲ. ಕೊನೆಯ ಮರ್ಜ್ ಯಾವಾಗ ಆಗಿದೆ ಅಂತ ಮೊದಲೇ ನೋಡಬೇಕಿತ್ತು. ಪಾಠ ನಡೆಸುವ ಸಾಫ್ಟ್‌ವೇರ್‌ಗಳಾದ ಮೂಡಲ್ ಮತ್ತು ಕೊಲಿಬ್ರಿಯನ್ನೂ ಇಳಿಸಿಕೊಂಡಿದ್ದೆ. ಮೂಡಲ್‌ಗೆ ಪಿಎಚ್‌ಪಿ, ಡೇಟಾಬೇಸ್, ವೆಬ್ ಸರ್ವರ್ ಮೂರೂ ಎಬ್ಬಿಸಿ ನಿಲ್ಲಿಸಬೇಕು. ಕೊಲಿಬ್ರಿಗೆ ಜ್ಯಾಂಗೊ, ವ್ಯೂ ಅನ್ನುವ ವೆಬ್ ಕೋಡಿನ ಸಲಕರಣೆ ಎರಡೂ ಗೊತ್ತಿರಬೇಕು. ಇಂಟರ್ನೆಟ್ ಇಲ್ಲದ ಶಾಲೆಗೆ ಕೊಲಿಬ್ರಿ ಬಹಳ ಒಳ್ಳೆಯದು. ಆದರೆ ನನ್ನ 4 ಜಿಬಿಗೂ ನನ್ನ ತಾಳ್ಮೆಗೂ ಮೊದಲ ಕೆಲಸವಾಗಿ ಎರಡೂ ಭಾರ.

ಕೋಡ್ ಅಂದರೆ ಮೈ ಜುಮ್ ಅನ್ನುವವರಿಗೆ ನಾನು ಸ್ಟ್ಯಾಂಪ್ ಹೇಳುತ್ತೇನೆ. ದನಿ ಸ್ಪಷ್ಟ ಇದ್ದು ಮನೆ ಶಾಂತವಾಗಿದ್ದರೆ ರೆಕಾರ್ಡಿಂಗ್. ಪೈಥಾನ್ ಕಲಿತವರಿಗೆ ಶುಗರ್‌ನ ಹಳೇ ಆಟ, ಹೊಸದಲ್ಲ. ಅನುವಾದ ಇಬ್ಬರು ಸೇರಿದರೆ ಮಾತ್ರ, ಒಬ್ಬರು ಬರೆಯಲು, ಒಬ್ಬರು ಬೈಯಲು. ಜಾವಾಸ್ಕ್ರಿಪ್ಟ್ ಒಂದಿಷ್ಟು ಬಂದರೆ ನೇರವಾಗಿ ಅಕ್ಷರ ಒಡೆಯುವ ಆಟಗಳಿಗೆ ಹೋಗಿ. ಅಲ್ಲಿ ಬರೆದವರಿಗೆ ಕಾಣದ ತಪ್ಪು ನಮಗೆ ಒಂದೇ ನೋಟಕ್ಕೆ ಕಾಣುತ್ತದೆ.

ಹೋದ ವಾರ ಒಬ್ಬ ಜೂನಿಯರ್ ಕೇಳಿದ. ಏನೂ ವಿವರಿಸಲಿಲ್ಲ. ಯಾವುದಾದರೂ ಪದದ ಆಟ ತೆಗೆದು 'ಚಿತ್ರದುರ್ಗ' ಅಂತ ಹಾಕಿ ನೋಡು ಅಂದೆ. ರಾತ್ರಿ ಹನ್ನೊಂದೂವರೆಗೆ ಸ್ಕ್ರೀನ್‌ಶಾಟ್ ಬಂತು. ಹತ್ತು ಚೌಕ, ಪಕ್ಕದಲ್ಲಿ ಒಂದೇ ಸಾಲು: "ಅಣ್ಣ, ಇದನ್ನ ನಾನು ಸರಿ ಮಾಡಬಹುದಾ?"